ಹಿತ್ತಿಲಿನ ಖಗೋಳಜ್ಞ

ಬರಿಗಣ್ಣಿಗೆ ಸುಲಭವಾಗಿ ಕಾಣುವ ಗ್ರಹಗಳು ಐದು: ಬುಧ, ಶುಕ್ರ, ಮಂಗಳ, ಗುರು ಮತ್ತು ಶನಿ. ಬ್ಯಾಬಿಲೋನಿಯದ ಪುರೋಹಿತರೂ ಗ್ರೀಸಿನ ಪಂಡಿತರೂ ನಮ್ಮ ದೇಶದ ಪ್ರಾಚೀನ ಜ್ಯೋತಿರ್ವಿದರೂ ಅರಿತಿದ್ದ ಗ್ರಹಗಳು ಇವೇ. 1609ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿದ ಮೇಲೆಯೂ ನೂರ ಎಪ್ಪತ್ತಕ್ಕಿಂತ ಹೆಚ್ಚು ವರ್ಷಗಳ ಕಾಲ ಶನಿಯೇ ಸೌರವ್ಯೂಹದ ಗಡಿಯಾಗಿ ಉಳಿದಿತ್ತು. ಆ ಗಡಿಯನ್ನು ಇಮ್ಮಡಿ ದೂರಕ್ಕೆ ಸರಿಸಿದವನು ವಿಲಿಯಂ ಹರ್ಷೆಲ್. ಅವನು ವೃತ್ತಿಯಿಂದ ಸಂಗೀತಗಾರ. ಹಗಲೆಲ್ಲ ಶಿಷ್ಯರಿಗೆ ಪಾಠ ಹೇಳಿ, ಇರುಳಾದೊಡನೆ ತಾನೇ ಕೈಯಾರೆ ಮಾಡಿಕೊಂಡ ದೂರದರ್ಶಕದ ಮುಂದೆ ಮನೆಯ ಹಿತ್ತಿಲಿನಲ್ಲಿ ನಿಲ್ಲುತ್ತಿದ್ದ ಗೃಹಸ್ಥ.

ಹರ್ಷೆಲ್ ಜರ್ಮನಿಯ ಹ್ಯಾನೋವರ್ ನಗರದಲ್ಲಿ 1738ರ ನವೆಂಬರ್ 15ರಂದು ಜನಿಸಿದನು. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಸುಷಿರವಾದ್ಯವನ್ನು ನುಡಿಸುತ್ತಿದ್ದನು. ಮನೆಯಲ್ಲಿ ಸಿರಿತನವಿರಲಿಲ್ಲ; ಸಂಗೀತಕ್ಕೂ ವಿದ್ಯಾವಿಷಯಗಳ ಚರ್ಚೆಗೂ ಕೊರತೆಯಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ವಿಲಿಯಂ ತಾನೂ ಅದೇ ವಾದ್ಯವೃಂದವನ್ನು ಸೇರಿದನು. ಸಪ್ತವಾರ್ಷಿಕ ಯುದ್ಧದಲ್ಲಿ ಫ್ರೆಂಚರು ಹ್ಯಾನೋವರನ್ನು ಆಕ್ರಮಿಸಿದಾಗ, ತಂದೆಯ ಸಲಹೆಯಂತೆ 1757ರಲ್ಲಿ ಇಂಗ್ಲೆಂಡಿಗೆ ತೆರಳಿದನು. ಕೈಯಲ್ಲಿ ಹಣವಿಲ್ಲದೆ, ಅನ್ಯರ ಸಂಗೀತದ ಹಸ್ತಪ್ರತಿಗಳನ್ನು ನಕಲು ಮಾಡಿ ಹೊಟ್ಟೆ ಹೊರೆದನು. ಹಲವು ಊರುಗಳಲ್ಲಿ ದುಡಿದ ಮೇಲೆ 1766ರ ಕೊನೆಯಲ್ಲಿ ಬಾತ್ ನಗರದ ಒಂದು ಪ್ರಾರ್ಥನಾಮಂದಿರದ ಆರ್ಗನ್ ವಾದಕನಾಗಿ ನೆಲೆನಿಂತನು. ಬಾತ್ ಶ್ರೀಮಂತರು ವಿಹಾರಕ್ಕೆ ಬರುತ್ತಿದ್ದ ಊರು. ಕಚೇರಿಗಳಿಗೂ ಶಿಷ್ಯರಿಗೂ ಅಲ್ಲಿ ಬರವಿರಲಿಲ್ಲ.

1772ರಲ್ಲಿ ಹರ್ಷೆಲ್ ತನ್ನ ತಂಗಿ ಕ್ಯಾರೊಲಿನಳನ್ನು ಹ್ಯಾನೋವರಿನಿಂದ ಕರೆತಂದನು. ಅಲ್ಲಿ ಮನೆಗೆಲಸದಲ್ಲಿಯೇ ಅವಳ ದಿನಗಳು ಸವೆಯುತ್ತಿದ್ದವು. ಅಣ್ಣ ಅವಳಿಗೆ ಇಂಗ್ಲಿಷನ್ನೂ ಲೆಕ್ಕವನ್ನೂ ಹಾಡುಗಾರಿಕೆಯನ್ನೂ ಕಲಿಸತೊಡಗಿದನು. ಅಷ್ಟರಲ್ಲಿಯೇ ಅವನ ಮನಸ್ಸು ಬೇರೊಂದು ಕಡೆಗೆ ಹರಿಯುತ್ತಿತ್ತು. ಸಂಗೀತದ ಸ್ವರಶಾಸ್ತ್ರವನ್ನು ಅರಿಯಲು ಗಣಿತವನ್ನು ಹಿಡಿದವನು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ದೃಗ್ವಿಜ್ಞಾನದ ಗ್ರಂಥವನ್ನು ಓದಿದನು. 1773ರಲ್ಲಿ ಜೇಮ್ಸ್ ಫರ್ಗ್ಯುಸನ್ ಬರೆದ ಖಗೋಳಶಾಸ್ತ್ರದ ಪುಸ್ತಕವನ್ನು ಕೊಂಡನು. ಪುಸ್ತಕಗಳು ವರ್ಣಿಸಿದುದನ್ನೆಲ್ಲ ಕಣ್ಣಾರೆ ನೋಡಬೇಕೆಂಬ ಹಂಬಲ ಅವನಲ್ಲಿ ಹುಟ್ಟಿತು. ಆಗ ಅವನಿಗೆ ಮೂವತ್ತೈದರ ಹತ್ತಿರದ ವಯಸ್ಸು.

ನೋಡಲು ದೂರದರ್ಶಕ ಬೇಕು. ಎಂತಹ ದೂರದರ್ಶಕ? ಮೊದಲ ಬಾರಿಗೆ ಆಕಾಶವನ್ನು ನೋಡಹೊರಟವರೆಲ್ಲರಿಗೂ ಎದುರಾಗುವ ಪ್ರಶ್ನೆ ಇದು. ಆ ಕಾಲದಲ್ಲಿ ದೂರದರ್ಶಕಗಳಲ್ಲಿ ಎರಡು ಬಗೆಗಳಿದ್ದವು. ಒಂದು ಮಸೂರಗಳಿಂದ ಮಾಡಿದುದು. ಇನ್ನೊಂದು ದರ್ಪಣದಿಂದ ಮಾಡಿದುದು. ಮಸೂರದ ಮೂಲಕ ಹಾದುಹೋಗುವ ಬೆಳಕು ತನ್ನ ಬಣ್ಣಗಳಾಗಿ ಚದುರುತ್ತದೆ. ಇದರಿಂದ ಬಿಂಬದ ಅಂಚಿನಲ್ಲಿ ಬಣ್ಣದ ಸೆರಗು ಕಾಣಿಸಿಕೊಳ್ಳುತ್ತದೆ. ಈ ದೋಷವನ್ನು ತಗ್ಗಿಸಬೇಕಾದರೆ ಕೊಳವೆಯನ್ನು ಬಹಳ ಉದ್ದವಾಗಿ ಮಾಡಬೇಕು. ಎರಡು ಬಗೆಯ ಗಾಜುಗಳನ್ನು ಜೋಡಿಸಿ ದೋಷವನ್ನು ನಿವಾರಿಸಿದ ಮಸೂರಗಳು ಲಂಡನ್ನಿನಲ್ಲಿ ಆಗಲೇ ಬಂದಿದ್ದರೂ ಅವುಗಳ ಬೆಲೆ ಹೆಚ್ಚು, ಅಗಲ ಕಡಿಮೆ.

ಹರ್ಷೆಲ್ ಮೊದಲು ಕೈಹಾಕಿದುದು ಮಸೂರದ ದೂರದರ್ಶಕಕ್ಕೆ. ಲಂಡನ್ನಿನಿಂದ ಮಸೂರಗಳನ್ನು ತರಿಸಿ, ನಾಲ್ಕು ಅಡಿಯಿಂದ ಆರಂಭಿಸಿ ಹೆಚ್ಚು ಹೆಚ್ಚು ಉದ್ದದ ಕೊಳವೆಗಳಿಗೆ ಅವನ್ನು ಕೂಡಿಸಿ ನೋಡಿದನು. ಸುಮಾರು ಇಪ್ಪತ್ತು ಅಡಿಯ ಒಂದು ಕೊಳವೆಯನ್ನು ಕ್ಯಾರೊಲಿನಳೇ ರಟ್ಟಿನಿಂದ ಮಾಡಿಕೊಟ್ಟಳು. ಆದರೆ ಅಷ್ಟುದ್ದದ ರಟ್ಟಿನ ಕೊಳವೆ ನೆಟ್ಟಗೆ ನಿಲ್ಲದೆ ಬಾಗುತ್ತಿತ್ತು. ಅದರಲ್ಲಿ ಗುರುಗ್ರಹವನ್ನಾಗಲಿ ಶನಿಯನ್ನಾಗಲಿ ಕಾಣುವುದು ಹರ್ಷೆಲನೊಬ್ಬನಿಗಲ್ಲದೆ ಬೇರೆಯವರಿಗೆ ಸಾಧ್ಯವಾಗಲಿಲ್ಲ. ಮುಂದೆ ತಗಡಿನ ಕೊಳವೆಯನ್ನು ಮಾಡಿಸಿದನು. ಉದ್ದ ಮೂವತ್ತು ಅಡಿಗೆ ಬೆಳೆಯಿತು. ಅದನ್ನು ಆಕಾಶದತ್ತ ತಿರುಗಿಸಿ ಹಿಡಿಯುವ ಕಷ್ಟವೂ ಅದರೊಂದಿಗೆ ಬೆಳೆಯಿತು. ಗ್ರಹ ಕಣ್ಣಿಗೆ ಸಿಕ್ಕುವಷ್ಟರಲ್ಲಿ ಜಾರಿಹೋಗುತ್ತಿತ್ತು. ಎಷ್ಟೇ ಶಕ್ತಿಯುಳ್ಳ ಉಪಕರಣವಾದರೂ ಕೈಗೆ ಒಗ್ಗದಿದ್ದರೆ ಕಣ್ಣಿಗೆ ಪ್ರಯೋಜನವಿಲ್ಲವೆಂಬುದು ಹರ್ಷೆಲನಿಗೆ ಅನುಭವದಿಂದ ತಿಳಿಯಿತು.

ಆಗ ಅವನು ಎರಡು ಅಡಿಯ ಒಂದು ದರ್ಪಣ ದೂರದರ್ಶಕವನ್ನು ಬಾಡಿಗೆಗೆ ತಂದನು. ಅದು ಚಿಕ್ಕದು, ಆದರೂ ಅದರ ಬಳಕೆ ಎಷ್ಟೋ ಸುಲಭವಾಗಿತ್ತು. ದರ್ಪಣಕ್ಕೆ ಬಿದ್ದ ಬೆಳಕಿನ ಎಲ್ಲ ಬಣ್ಣಗಳೂ ಒಂದೇ ರೀತಿಯಲ್ಲಿ ಪ್ರತಿಫಲಿಸುವುದರಿಂದ ಬಣ್ಣದ ಸೆರಗಿನ ತೊಂದರೆಯಿಲ್ಲ. ಕೊಳವೆಯನ್ನು ಗಿಡ್ಡವಾಗಿಯೂ ಮಾಡಬಹುದು. ಇದೇ ತನಗೆ ತಕ್ಕುದೆಂದು ನಿಶ್ಚಯಿಸಿ, ಐದಾರು ಅಡಿಯ ದೂರದರ್ಶಕಕ್ಕೆ ದರ್ಪಣ ದೊರೆಯುವುದೇ ಎಂದು ಲಂಡನ್ನಿನಲ್ಲಿ ವಿಚಾರಿಸಿದನು. ಅಷ್ಟು ದೊಡ್ಡ ದರ್ಪಣ ಸಿದ್ಧವಾಗಿ ಸಿಕ್ಕುತ್ತಿರಲಿಲ್ಲ. ಮಾಡಿಕೊಡಲು ಒಪ್ಪಿದವನು ಹೇಳಿದ ಬೆಲೆ ಅವನ ಶಕ್ತಿಗೆ ಮೀರಿತ್ತು. ಕೊಳ್ಳಲಾಗದ್ದನ್ನು ತಾನೇ ಮಾಡುವುದೆಂದು ಹರ್ಷೆಲ್ ಸಂಕಲ್ಪಿಸಿದನು. ದರ್ಪಣಕ್ಕೆ ಮೆರುಗು ಕೊಡುವ ಹವ್ಯಾಸವಿದ್ದ ಗೃಹಸ್ಥನೊಬ್ಬನು ಬಾತ್‌ನಲ್ಲಿ ತನ್ನ ಸಲಕರಣೆಗಳನ್ನು ಮಾರುತ್ತಿದ್ದನು. ಅವನ್ನೆಲ್ಲ ಕೊಂಡು, ಅವುಗಳ ಬಳಕೆಯನ್ನೂ ಅವನಿಂದಲೇ ಕಲಿತುಕೊಂಡನು.

ಆ ಕಾಲದ ದರ್ಪಣ ಗಾಜಿನದಲ್ಲ. ತಾಮ್ರವನ್ನೂ ತವರವನ್ನೂ ಕರಗಿಸಿ ಎರಕ ಹೊಯ್ದ ಬಿಳುಪಾದ ಮಿಶ್ರಲೋಹದ ಬಿಲ್ಲೆಯದು. ಅದನ್ನು ಅರೆದು ಅರೆದು ತಗ್ಗಾಗಿಸಿ, ಕೊನೆಗೆ ನುಣ್ಣನೆಯ ಮೆರುಗು ಕೊಡಬೇಕು. ಮೇಲ್ಮೈಯ ವಕ್ರತೆಯಲ್ಲಿ ಕೂದಲೆಳೆಯ ನೂರರಲ್ಲಿ ಒಂದು ಪಾಲಿನಷ್ಟು ತಪ್ಪಾದರೂ ನಕ್ಷತ್ರದ ಬಿಂಬ ಕಲಸಿಹೋಗುತ್ತದೆ. ಹರ್ಷೆಲನ ಮನೆ ಕಾರ್ಖಾನೆಯಾಯಿತು. ಅಂದವಾದ ದಿವಾನಖಾನೆಯಲ್ಲಿ ಬಡಗಿ ಕೊಳವೆಯನ್ನೂ ಪೀಠವನ್ನೂ ಮಾಡುತ್ತಿದ್ದನು. ಮಲಗುವ ಕೋಣೆಯಲ್ಲಿ ತಮ್ಮ ಅಲೆಕ್ಸಾಂಡರ್ ಚರಕಿಯಂತ್ರವನ್ನು ಹೂಡಿದ್ದನು. ಕಚೇರಿಗೆ ಹೋಗಬೇಕಾದ ಹರ್ಷೆಲನ ಅಂಗಿಯ ಕಸೂತಿಯ ತೋಳುಗಳ ಮೇಲೆ ಕರಗಿದ ರಾಳ ಸಿಡಿದಿರುತ್ತಿತ್ತು. ಒಮ್ಮೆ ಏಳು ಅಡಿಯ ದೂರದರ್ಶಕದ ದರ್ಪಣಕ್ಕೆ ಮೆರುಗು ಕೊಡುವಾಗ ಹದಿನಾರು ಗಂಟೆಗಳ ಕಾಲ ಅವನು ಅದರಿಂದ ಕೈ ತೆಗೆಯಲಿಲ್ಲ. ಕ್ಯಾರೊಲಿನಳೇ ತುತ್ತು ಮಾಡಿ ಬಾಯಿಗಿಟ್ಟಳು. ಬೇಸರವಾಗದಿರಲೆಂದು ಕಥೆಗಳನ್ನು ಓದಿ ಹೇಳಿದಳು. ಎರಕ ಹೊಯ್ದ ದರ್ಪಣಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರಲಿಲ್ಲ. ನೂರಾರು ಪ್ರಯತ್ನಗಳ ನಡುವೆ ಕೆಲವು ಮಾತ್ರ ಅವನ ಮನಸ್ಸಿಗೆ ಒಪ್ಪಿದವು.

1774ರ ಮಾರ್ಚ್ 1ರಂದು ಹರ್ಷೆಲ್ ತನ್ನ ವೀಕ್ಷಣೆಗಳ ದಿನಚರಿಯನ್ನು ಆರಂಭಿಸಿದನು. ತಾನೇ ಮಾಡಿದ ಐದೂವರೆ ಅಡಿಯ ದೂರದರ್ಶಕದಲ್ಲಿ ಶನಿಯ ಉಂಗುರವನ್ನೂ ಮಹಾವ್ಯಾಧ ರಾಶಿಯ ನೀಹಾರಿಕೆಯನ್ನೂ ಕಂಡು ಚಿತ್ರಿಸಿಕೊಂಡನು. ಮುಂದೆ ಮಾಡಿದ ಏಳು ಅಡಿಯ ದೂರದರ್ಶಕದ ದರ್ಪಣದ ಅಗಲ ಆರು ಅಂಗುಲಕ್ಕಿಂತ ತುಸು ಹೆಚ್ಚು. ದೂರದರ್ಶಕದ ನಿಜವಾದ ಬಲ ಅದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದರಲ್ಲಿಲ್ಲ. ಎಷ್ಟು ಬೆಳಕನ್ನು ಕೂಡಿಹಾಕುತ್ತದೆ ಎಂಬುದರಲ್ಲಿದೆ. ದರ್ಪಣದ ಅಗಲ ಎರಡರಷ್ಟಾದರೆ ಅದು ಹಿಡಿಯುವ ಬೆಳಕು ನಾಲ್ಕರಷ್ಟಾಗುತ್ತದೆ. ನೋಡುವುದೂ ವಾದ್ಯವನ್ನು ನುಡಿಸಿದಂತೆ ಅಭ್ಯಾಸದಿಂದ ಬರುವ ಕಲೆಯೆಂದು ಹರ್ಷೆಲ್ ನಂಬಿದ್ದನು. ಕಚೇರಿಯ ನಡುವೆ ಬಿಡುವು ದೊರೆತರೂ ದೂರದರ್ಶಕದ ಬಳಿಗೆ ಓಡುತ್ತಿದ್ದನು. ಆಕಾಶದ ಪ್ರಕಾಶಮಾನವಾದ ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವ ವ್ರತವನ್ನು ಕೈಗೊಂಡನು.

1779ರ ಕೊನೆಯಲ್ಲಿ ಅವನು ವಾಸವಾಗಿದ್ದ ಮನೆಯ ಹಿಂಬದಿಯಿಂದ ಚಂದ್ರನು ಕಾಣುತ್ತಿರಲಿಲ್ಲ. ದೂರದರ್ಶಕವನ್ನು ಬೀದಿಗೆ ತಂದಿಟ್ಟು ಚಂದ್ರನ ಬೆಟ್ಟಗಳನ್ನು ಅಳೆಯುತ್ತಿರುವಾಗ, ದಾರಿಯಲ್ಲಿ ಹೋಗುತ್ತಿದ್ದವನೊಬ್ಬನು ನಿಂತು, ತಾನೂ ನೋಡಬಹುದೇ ಎಂದು ಕೇಳಿದನು. ಅವನೇ ರಾಯಲ್ ಸೊಸೈಟಿಯ ಸದಸ್ಯನಾದ ವಿಲಿಯಂ ವಾಟ್ಸನ್. ಕಂಡ ದೃಶ್ಯದಿಂದ ಬೆರಗಾಗಿ ಹರ್ಷೆಲನ ಸ್ನೇಹ ಬೆಳೆಸಿದನು. ಅಂದಿನಿಂದ ಹರ್ಷೆಲನ ಬರಹಗಳು ವಾಟ್ಸನ್ನನ ಮೂಲಕ ಲಂಡನ್ನಿನ ವಿದ್ವಾಂಸರನ್ನು ತಲಪತೊಡಗಿದವು.

1781ರ ಮಾರ್ಚ್ 13ರ ರಾತ್ರಿ, ಹತ್ತು ಹನ್ನೊಂದು ಗಂಟೆಗಳ ನಡುವೆ, ಬಾತ್‌ನ ನ್ಯೂ ಕಿಂಗ್ ಸ್ಟ್ರೀಟಿನ ಮನೆಯ ಹಿತ್ತಿಲಿನಲ್ಲಿ ಹರ್ಷೆಲ್ ಎಂದಿನಂತೆ ನಕ್ಷತ್ರಗಳನ್ನು ಪರೀಕ್ಷಿಸುತ್ತಿದ್ದನು. ಮಿಥುನ ರಾಶಿಯ ಬಳಿ ಒಂದು ಚುಕ್ಕೆ ಉಳಿದವುಗಳಿಗಿಂತ ದಪ್ಪವಾಗಿ ಕಂಡಿತು. ಆಗ ಅವನು ಬಳಸುತ್ತಿದ್ದ ನೇತ್ರಮಸೂರ 227 ಪಟ್ಟು ಹಿಗ್ಗಿಸುವಂತಹುದು. ಸಂಶಯ ಬಂದು 460 ಪಟ್ಟಿನದನ್ನೂ ಅನಂತರ 932 ಪಟ್ಟಿನದನ್ನೂ ಹಾಕಿ ನೋಡಿದನು. ನಕ್ಷತ್ರಗಳು ಬಹು ದೂರದಲ್ಲಿರುವುದರಿಂದ ಎಷ್ಟು ಹಿಗ್ಗಿಸಿದರೂ ಅದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ. ಈ ಚುಕ್ಕೆಯಾದರೋ ಹಿಗ್ಗಿಸಿದಷ್ಟೂ ಬಿಲ್ಲೆಯಂತೆ ಬೆಳೆಯಿತು. ನಾಲ್ಕು ದಿನಗಳ ಮೇಲೆ ನೋಡಿದಾಗ ಅದು ತನ್ನ ಸ್ಥಾನವನ್ನು ಬದಲಿಸಿತ್ತು. ಇದೊಂದು ಧೂಮಕೇತುವಿರಬೇಕೆಂದು ಹರ್ಷೆಲ್ ಭಾವಿಸಿ ಹಾಗೆಯೇ ವರದಿ ಮಾಡಿದನು. ಆದರೆ ಲೆಕ್ಸೆಲ್ ಮೊದಲಾದ ಗಣಿತಜ್ಞರು ಅದರ ಕಕ್ಷೆಯನ್ನು ಲೆಕ್ಕಹಾಕಿ, ಅದು ಶನಿಗಿಂತ ಎರಡರಷ್ಟು ದೂರದಲ್ಲಿ ಸೂರ್ಯನನ್ನು ಸುತ್ತುವ ಗ್ರಹವೆಂದು ತೋರಿಸಿಕೊಟ್ಟರು. ಹರ್ಷೆಲ್ ಅದಕ್ಕೆ ದೊರೆ ಮೂರನೆಯ ಜಾರ್ಜನ ಹೆಸರನ್ನಿಟ್ಟನು. ಉಳಿದುದು ಜರ್ಮನಿಯ ಬೋಡ್ ಸೂಚಿಸಿದ ಯುರೇನಸ್ ಎಂಬ ಹೆಸರು.

ಈ ಗ್ರಹವನ್ನು ಹರ್ಷೆಲನಿಗಿಂತ ಮೊದಲೇ ಕೆಲವರು ನೋಡಿದ್ದರು. ಗ್ರೀನಿಚ್ಚಿನ ಫ್ಲಾಮ್‌ಸ್ಟೀಡ್ 1690ರಲ್ಲಿಯೇ ಇದನ್ನು ಕಂಡು ವೃಷಭ ರಾಶಿಯ ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದಿಟ್ಟಿದ್ದನು. ಹರ್ಷೆಲನ ದರ್ಪಣದ ನಿರ್ಮಲತೆಯೂ ಅವನ ಕಣ್ಣಿನ ಪಳಗುವಿಕೆಯೂ ಕೂಡಿದಾಗ ಮಾತ್ರ ನಕ್ಷತ್ರಕ್ಕೂ ಗ್ರಹಕ್ಕೂ ಇರುವ ಭೇದ ಗೋಚರಿಸಿತು. 1782ರಲ್ಲಿ ಅವನ ಏಳು ಅಡಿಯ ದೂರದರ್ಶಕವನ್ನು ಗ್ರೀನಿಚ್ಚಿಗೆ ಒಯ್ದು ರಾಜ ಖಗೋಳಜ್ಞನ ಉಪಕರಣಗಳೊಡನೆ ಹೋಲಿಸಿ ನೋಡಿದಾಗ, ಹಿತ್ತಿಲಿನ ದೂರದರ್ಶಕವೇ ಮೇಲೆಂದು ಸಿದ್ಧವಾಯಿತು. ದೊರೆ ಅವನಿಗೆ 200 ಪೌಂಡುಗಳ ವರ್ಷಾಶನವನ್ನು ಗೊತ್ತುಮಾಡಿದನು. ಸಂಗೀತದಿಂದ ಬರುತ್ತಿದ್ದ ಆದಾಯಕ್ಕಿಂತ ಇದು ಕಡಿಮೆ. ಆದರೂ ಹರ್ಷೆಲ್ ಅದನ್ನು ಒಪ್ಪಿಕೊಂಡು, ಸಂಗೀತದ ವೃತ್ತಿಗೆ ವಿದಾಯ ಹೇಳಿ ಬಾತನ್ನು ಬಿಟ್ಟು ಹೊರಟನು. ಕೊರತೆಯನ್ನು ತುಂಬಿಕೊಳ್ಳಲು ದೂರದರ್ಶಕಗಳನ್ನು ಮಾಡಿ ಮಾರುತ್ತಿದ್ದನು.

ಈ ನಿರ್ಧಾರದ ಬೆಲೆಯನ್ನು ತೆತ್ತವಳು ಕ್ಯಾರೊಲಿನ್ ಕೂಡ. ಬಾತ್‌ನಲ್ಲಿ ಅವಳು ಹೆಸರಾದ ಗಾಯಕಿಯಾಗಿದ್ದಳು. ಬೇರೆ ಊರಿನಿಂದಲೂ ಕರೆ ಬಂದಿತ್ತು. ಅಣ್ಣನ ಕೆಲಸಕ್ಕಾಗಿ ಅವಳ ಹಾಡು ನಿಂತಿತು. ಕೊರೆಯುವ ಚಳಿಯಲ್ಲಿ ಅಣ್ಣ ಹೇಳಿದುದನ್ನು ಬರೆದುಕೊಳ್ಳುವುದು, ಹಗಲಿನಲ್ಲಿ ಲೆಕ್ಕಗಳನ್ನು ಮಾಡುವುದು ಅವಳ ಪಾಲಿಗೆ ಬಂದವು. 1783ರಲ್ಲಿ ಹರ್ಷೆಲ್ ಅವಳಿಗಾಗಿಯೇ ಒಂದು ಪುಟ್ಟ ದೂರದರ್ಶಕವನ್ನು ಮಾಡಿಕೊಟ್ಟನು. ಅದು ಹಿಗ್ಗಿಸುವುದು ಸ್ವಲ್ಪವೇ. ಆದರೆ ಆಕಾಶದ ವಿಶಾಲವಾದ ಭಾಗವನ್ನು ಒಮ್ಮೆಗೇ ತೋರಿಸುತ್ತಿತ್ತು. ಧೂಮಕೇತುಗಳನ್ನು ಅರಸುವವರಿಗೆ ಬೇಕಾದುದು ಅಂತಹುದೇ. 1786ರ ಆಗಸ್ಟ್ 1ರಂದು ಕ್ಯಾರೊಲಿನ್ ತನ್ನ ಮೊದಲ ಧೂಮಕೇತುವನ್ನು ಕಂಡಳು. ಒಟ್ಟು ಎಂಟು ಧೂಮಕೇತುಗಳನ್ನು ಗುರುತಿಸಿದಳು. 1787ರಿಂದ ಅವಳಿಗೂ ವರ್ಷಕ್ಕೆ 50 ಪೌಂಡುಗಳ ವೇತನ ದೊರೆಯಿತು.

ಹರ್ಷೆಲನ ಹಂಬಲ ಏಳು ಅಡಿಗೆ ನಿಲ್ಲಲಿಲ್ಲ. 1781ರಲ್ಲಿ ಮೂರು ಅಡಿ ಅಗಲದ ದರ್ಪಣವನ್ನು ಮನೆಯ ನೆಲಮಾಳಿಗೆಯಲ್ಲಿಯೇ ಎರಕ ಹೊಯ್ಯಹೊರಟಾಗ, ಕಾದ ಲೋಹ ಸೋರಿ ನೆಲದ ಮೇಲೆ ಹರಿಯಿತು. ಹಾಸುಗಲ್ಲುಗಳು ಸಿಡಿದು ಛಾವಣಿಯವರೆಗೆ ಹಾರಿದವು. ಎಲ್ಲರೂ ಓಡಿ ಪ್ರಾಣ ಉಳಿಸಿಕೊಂಡರು. ದೊರೆ ಕೊಟ್ಟ 4,000 ಪೌಂಡುಗಳ ನೆರವಿನಿಂದ 1789ರಲ್ಲಿ ಸ್ಲೌ ಎಂಬಲ್ಲಿ ನಲವತ್ತು ಅಡಿಯ ದೂರದರ್ಶಕ ಪೂರ್ಣವಾಯಿತು. ಅದರ ದರ್ಪಣ ನಾಲ್ಕು ಅಡಿ ಅಗಲ. ಜಗತ್ತಿನಲ್ಲಿಯೇ ದೊಡ್ಡದಾದ ಅದರಿಂದ ಹರ್ಷೆಲ್ ಶನಿಯ ಉಪಗ್ರಹವೊಂದನ್ನು ಕಂಡುಹಿಡಿದನು. ಆದರೂ ಅದನ್ನು ಅಣಿಗೊಳಿಸುವುದೇ ದೊಡ್ಡ ಕೆಲಸವಾಗಿತ್ತು. ದರ್ಪಣ ಬಲುಬೇಗ ಮಾಸುತ್ತಿತ್ತು. ನಿತ್ಯದ ವೀಕ್ಷಣೆಗೆ ಅವನು ನೆಚ್ಚಿಕೊಂಡುದು ಅದಕ್ಕಿಂತ ಚಿಕ್ಕದಾದ ಇಪ್ಪತ್ತು ಅಡಿಯ ದೂರದರ್ಶಕವನ್ನು. ಸುಮಾರು 2,500 ನೀಹಾರಿಕೆಗಳನ್ನೂ ನಕ್ಷತ್ರಗುಚ್ಛಗಳನ್ನೂ ಅವನು ಪಟ್ಟಿಮಾಡಿದನು. 1800ರಲ್ಲಿ ಸೂರ್ಯನ ಬೆಳಕಿನ ಕೆಂಪು ಬಣ್ಣದಾಚೆ ಕಣ್ಣಿಗೆ ಕಾಣದ ಶಾಖಕಿರಣಗಳಿವೆಯೆಂದು ತೋರಿಸಿದನು.

1822ರ ಆಗಸ್ಟ್ 25ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಹರ್ಷೆಲ್ ತೀರಿಕೊಂಡನು. ಅವನ ಮಗ ಜಾನ್ ಹರ್ಷೆಲನೂ ಹೆಸರಾಂತ ಖಗೋಳಜ್ಞನಾದನು. ಹಿತ್ತಿಲಿನಲ್ಲಿ ಕಂಡ ಆ ಗ್ರಹದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ವೀಕ್ಷಿಸುವಾಗ ಅದಕ್ಕೂ ಉಂಗುರಗಳಿರುವುದು ಪತ್ತೆಯಾಯಿತು. ಆ ರಾತ್ರಿ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದ ವಿಜ್ಞಾನಿಗಳೂ ಇದ್ದರು.

ಇಂದು ದೂರದರ್ಶಕಗಳು ಅಂಗಡಿಯಲ್ಲಿ ದೊರೆಯುತ್ತವೆ. ಎಷ್ಟು ನೂರು ಪಟ್ಟು ಹಿಗ್ಗಿಸುತ್ತದೆ ಎಂಬ ಮಾತಿಗೆ ಮರುಳಾಗುವವರು ಹಲವರು. ಹರ್ಷೆಲನ ಜೀವನವನ್ನು ಬಲ್ಲವರು ದರ್ಪಣದ ಅಗಲವೆಷ್ಟು, ಪೀಠ ಅಲುಗದೆ ನಿಲ್ಲುವುದೇ, ದಿನವೂ ಹೊರಗೆ ತಂದು ಇಡಲು ಸಾಧ್ಯವೇ ಎಂದು ಮೊದಲು ಕೇಳುತ್ತಾರೆ. ಕೈಗೆ ಒಗ್ಗಿದ ಒಂದು ಉಪಕರಣ, ಬಿಡದೆ ನೋಡುವ ಅಭ್ಯಾಸ, ಕಂಡುದನ್ನು ಅಂದಂದೇ ಬರೆದಿಡುವ ಪ್ರಾಮಾಣಿಕತೆ ಇವಿಷ್ಟೇ ಸಂಗೀತಗಾರನೊಬ್ಬನನ್ನು ಅವನ ಯುಗದ ಅತಿ ದೊಡ್ಡ ಖಗೋಳಜ್ಞನನ್ನಾಗಿ ಮಾಡಿದವು.