ರಕ್ತದ ಜಮಾ-ಖರ್ಚು ಬರೆದ ಹಾಲ್ಡೇನರು

ಪುಣೆಯ ಹೊರವಲಯದ ಪಿಂಪರಿಯಲ್ಲಿ, ದೇಶವಿಭಜನೆಯ ಕಾಲಕ್ಕೆ ಸಿಂಧ್ ಪ್ರಾಂತವನ್ನು ಬಿಟ್ಟು ಬಂದ ನಿರಾಶ್ರಿತರು ನೆಲೆಸಿದ ವಸತಿಯೊಂದುಂಟು. ಇಂದು ಅದು ವ್ಯಾಪಾರದ ಗದ್ದಲದಿಂದ ತುಂಬಿದ ಪೇಟೆ. ಆ ಭಾಗದ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರಿಗೆ ಸಿಂಧಿ ಕುಟುಂಬಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಥಲಸೀಮಿಯಾ ಎಂಬ ರಕ್ತಹೀನತೆಯ ವಾಹಕರು ಆ ಸಮಾಜದಲ್ಲಿ ಇತರ ಅನೇಕ ಸಮಾಜಗಳಲ್ಲಿಗಿಂತ ಹೆಚ್ಚು. ಈ ರೋಗದ ಮಗು ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ. ಆರು ತಿಂಗಳು ಕಳೆಯುವ ಹೊತ್ತಿಗೆ ಬಿಳಿಚಿಕೊಳ್ಳತೊಡಗುತ್ತದೆ. ಹಾಲು ಸೇರದು, ಮೈ ತುಂಬದು, ಹೊಟ್ಟೆಯ ಎಡಭಾಗದಲ್ಲಿ ಗುಲ್ಮವು ಊದಿಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಕೊಡಿಸುತ್ತಿದ್ದರೆ ಮಾತ್ರ ಅದು ಬದುಕೀತು. ತಾಯಿತಂದೆಗಳಾದರೋ ಸಂಪೂರ್ಣ ಆರೋಗ್ಯವಂತರು.

ಇದು ಅವರ ರೋಗ, ನಮಗೇನು ಎಂದು ನಿಶ್ಚಿಂತರಾಗಿರಲು ನಮಗೆ ಅವಕಾಶವಿಲ್ಲ. ಥಲಸೀಮಿಯಾ ಕರ್ನಾಟಕದಲ್ಲಿಯೂ ಉಂಟು. ಅದರ ದಾಯಾದಿಗಳಾದ ಬೇರೆ ರಕ್ತದೋಷಗಳೂ ಉಂಟು. ಮಕ್ಕಳನ್ನು ಕೊಲ್ಲುವ ಇಂಥ ದೋಷವು ತಲೆಮಾರುಗಳು ಕಳೆದರೂ ಏಕೆ ಅಳಿಯುವುದಿಲ್ಲ ಎಂಬ ಪ್ರಶ್ನೆಗೆ ದಾರಿ ತೋರಿದವರು ವೈದ್ಯರಲ್ಲ. ವಿಜ್ಞಾನದಲ್ಲಿ ಒಂದು ಪದವಿಯನ್ನೂ ಪಡೆಯದ, ಕೊನೆಗೆ ಭಾರತದ ಪೌರರಾಗಿ ಈ ಮಣ್ಣಿನಲ್ಲಿಯೇ ಕಣ್ಣು ಮುಚ್ಚಿದ ಜೆ. ಬಿ. ಎಸ್. ಹಾಲ್ಡೇನರು.

ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನರು ಹುಟ್ಟಿದ್ದು 1892ನೆಯ ಇಸವಿ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನರು ಶರೀರಶಾಸ್ತ್ರಜ್ಞರು. ಗಣಿಗಳ ವಿಷವಾಯುವಿನಿಂದ ಕೂಲಿಕಾರರು ಹೇಗೆ ಸಾಯುತ್ತಾರೆಂಬುದನ್ನು ಗಣಿಗೇ ಇಳಿದು ಪರೀಕ್ಷಿಸಿದವರು. ರಕ್ತದ ಕೆಂಪನ್ನು ಅಳೆದು ಅದರಲ್ಲಿರುವ ಹಿಮೋಗ್ಲೋಬಿನ್ ಎಷ್ಟೆಂದು ಹೇಳುವ ಸಣ್ಣ ಉಪಕರಣವೊಂದನ್ನು ಅವರು 1901ರಲ್ಲಿ ಸುಧಾರಿಸಿದರು. ಅದು ಬಹುಕಾಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಹೀಗೆ ಮಗನು ಬೆಳೆದ ಮನೆಯಲ್ಲಿ ರಕ್ತದ ಮಾತು ದಿನನಿತ್ಯದ್ದಾಗಿತ್ತು. ತಂದೆಯು ಬಾಲಕನನ್ನೂ ಗಣಿಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಅನಿಲ ತುಂಬಿದ ಸುರಂಗದಲ್ಲಿ ಅವನನ್ನು ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದ ಆಂಟನಿಯ ಭಾಷಣವನ್ನು ಒಪ್ಪಿಸಲು ಹೇಳಿದರಂತೆ. ಹುಡುಗನಿಗೆ ಏದುಸಿರು ಹತ್ತಿ ಕಾಲು ಕುಸಿಯಿತು. ನೆಲಕ್ಕೆ ಬಿದ್ದಾಗ ಉಸಿರು ಮರಳಿತು. ಆ ಅನಿಲವು ಗಾಳಿಗಿಂತ ಹಗುರ, ಮೇಲೆಯೇ ನಿಲ್ಲುತ್ತದೆ ಎಂಬ ಪಾಠವನ್ನು ಅವನು ಮತ್ತೆ ಮರೆಯಲಿಲ್ಲ. ಪಾಠ ಹೇಳುವ ಈ ಕ್ರಮವನ್ನು ಯಾವ ತಾಯಿಯೂ ಮೆಚ್ಚಲಾರಳು. ಆದರೆ ತನ್ನ ದೇಹವನ್ನೇ ಪ್ರಯೋಗಕ್ಕೆ ಒಡ್ಡುವ ಅಭ್ಯಾಸವು ಮಗನಿಗೆ ಅಲ್ಲಿಂದಲೇ ಹತ್ತಿತು.

ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ಗಣಿತ, ಬಳಿಕ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿಯೂ ಮೆಸೊಪೊಟೇಮಿಯಾದಲ್ಲಿಯೂ ಗಾಯಗೊಂಡು, ಚೇತರಿಸಿಕೊಳ್ಳಲು ಭಾರತಕ್ಕೆ ಬಂದರು. 1923ರಿಂದ ಕೇಂಬ್ರಿಜಿನಲ್ಲಿಯೂ 1933ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ಅಧ್ಯಾಪಕರಾಗಿದ್ದರು. ಮೆಂಡೆಲನು ಬಟಾಣಿ ಗಿಡಗಳಲ್ಲಿ ಕಂಡ ಆನುವಂಶಿಕ ನಿಯಮವನ್ನೂ ಡಾರ್ವಿನ್ನನ ವಿಕಾಸವಾದವನ್ನೂ ಗಣಿತದ ಸೂತ್ರದಲ್ಲಿ ಪೋಣಿಸಿದ ಮೂವರಲ್ಲಿ ಅವರೊಬ್ಬರು. ಗಾಯದ ರಕ್ತ ನಿಲ್ಲದೆ ಹರಿಯುವ ಹಿಮೋಫಿಲಿಯಾ ರೋಗದ ಜೀನು ಹೊಸದಾಗಿ ಕೆಡುವುದು ಎಷ್ಟು ಅಪರೂಪವೆಂದು 1935ರಲ್ಲಿ ಲೆಕ್ಕ ಹಾಕಿ, ಸುಮಾರು 50,000ಕ್ಕೆ ಒಂದು ಸಲವೆಂದು ಹೇಳಿದರು. ಮನುಷ್ಯನ ಜೀನಿನ ವಿಷಯದಲ್ಲಿ ಅಂಥ ಲೆಕ್ಕವು ಅದೇ ಮೊದಲು. ಈ ಅಂಕಿಯೇ ಮುಂದೆ ಅವರ ಕೈಗೆ ಅಳತೆಗೋಲಾಯಿತು.

ಥಲಸೀಮಿಯಾದ ಕಥೆ ಬೇರೊಂದು ಕಡೆಯಿಂದ ಬಂದದ್ದು. ಅಮೆರಿಕೆಯ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ 1925ರಲ್ಲಿ ಈ ರೋಗವನ್ನು ವರ್ಣಿಸಿದನು. ರೋಗಿಗಳು ಹೆಚ್ಚಾಗಿ ಮೆಡಿಟರೇನಿಯನ್ ತೀರದಿಂದ ವಲಸೆ ಬಂದವರ ಮಕ್ಕಳಾದುದರಿಂದ, ಸಮುದ್ರವೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರಾಯಿತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಜೀನಿನ ಎರಡು ಪ್ರತಿಗಳು ಕೂಡಿದ ಮಗುವಿಗೆ ರೋಗ. ಒಂದೇ ಪ್ರತಿಯುಳ್ಳವರು ವಾಹಕರು. ವಾಹಕರ ರಕ್ತಕಣಗಳು ತುಸು ಸಣ್ಣವು, ಅಷ್ಟೇ; ಅವರು ರೋಗಿಗಳಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ರೋಗಿಯಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ತಿಳಿಯುವವರುಂಟು. ಅದು ತಪ್ಪು, ಪ್ರತಿ ಸಲವೂ ಪಗಡೆಯನ್ನು ಹೊಸದಾಗಿಯೇ ಉರುಳಿಸಿದಂತೆ.

ಹಾಲ್ಡೇನರ ಲೆಕ್ಕವನ್ನು ನಮ್ಮ ಗಲ್ಲಾಪೆಟ್ಟಿಗೆಯ ಭಾಷೆಯಲ್ಲಿಯೇ ಹೇಳಬಹುದು. ಥಲಸೀಮಿಯಾದ ಮಗು ಆ ಕಾಲದಲ್ಲಿ ಮದುವೆಯ ವಯಸ್ಸು ಮುಟ್ಟುವುದೇ ಅಪೂರ್ವವಾಗಿತ್ತು. ಹಾಗೆ ಸತ್ತ ಒಂದೊಂದು ಮಗುವಿನೊಡನೆಯೂ ಕೆಟ್ಟ ಜೀನಿನ ಎರಡು ಪ್ರತಿಗಳು ಸಮಾಜದ ಖಾತೆಯಿಂದ ಖರ್ಚಾಗುತ್ತವೆ. ತಲೆಮಾರು ತಲೆಮಾರಿಗೂ ಖರ್ಚನ್ನೇ ಬರೆಯುತ್ತ ಹೋದರೆ ಶಿಲ್ಕು ಬರಿದಾಗಬೇಕಷ್ಟೆ? ಆದರೆ ಅಮೆರಿಕೆಯ ಇಟಾಲಿಯನ್ ಕುಟುಂಬಗಳಲ್ಲಿ ವಾಹಕರು ಹೇರಳವಾಗಿ ಕಂಡುಬಂದರು. ಅಂದ ಮೇಲೆ ಎಲ್ಲಿಂದಲೋ ಜಮೆ ಆಗುತ್ತಿರಬೇಕು. ಜೀನು ಮತ್ತೆ ಮತ್ತೆ ಹೊಸದಾಗಿ ಕೆಡುತ್ತಿರುವುದರಿಂದಲೇ ಈ ಜಮೆ ಎಂಬುದು ಕೆಲವು ಅಮೆರಿಕನ್ ವಿದ್ವಾಂಸರ ಊಹೆ. ಹಾಲ್ಡೇನರು ಒಪ್ಪಲಿಲ್ಲ. ಹಿಮೋಫಿಲಿಯಾದ ಅಂಕಿ ಅವರ ಕೈಯಲ್ಲಿತ್ತು. ಅದಕ್ಕಿಂತ ಅನೇಕ ಪಟ್ಟು ವೇಗವಾಗಿ ಈ ಒಂದು ಜೀನು ಮಾತ್ರ ಕೆಡಲು ಕಾರಣವೇನು? 1948ರ ಜುಲೈನಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ತಳಿಶಾಸ್ತ್ರ ಸಮ್ಮೇಳನದಲ್ಲಿ ಅವರು ಮುಂದಿಟ್ಟ ಉತ್ತರ ಹೀಗಿತ್ತು: ಒಂದೇ ಪ್ರತಿಯುಳ್ಳ ವಾಹಕನಿಗೆ ಏನೋ ಲಾಭವಿರಬೇಕು, ಅವನ ಸಣ್ಣ ರಕ್ತಕಣದಲ್ಲಿ ಮಲೇರಿಯಾದ ಕ್ರಿಮಿ ಚೆನ್ನಾಗಿ ಬೆಳೆಯಲಾರದೇನೋ. ಹಾಗಿದ್ದರೆ ಜ್ವರದ ಸೀಮೆಯಲ್ಲಿ ವಾಹಕರು ಇತರರಿಗಿಂತ ಹೆಚ್ಚು ಉಳಿಯುತ್ತಾರೆ, ಹೆಚ್ಚು ಮಕ್ಕಳನ್ನು ಪಡೆಯುತ್ತಾರೆ. ಒಂದು ಮಗುವಿನ ಸಾವಿನಿಂದಾದ ನಷ್ಟವನ್ನು ಹಲವರ ಉಳಿವು ತುಂಬಿಕೊಡುತ್ತದೆ.

ಮಲೆನಾಡಿನಿಂದ ಬಂದ ವಾಚಕರಿಗೆ ಈ ಮಾತಿನ ತೂಕ ಕೂಡಲೇ ತಿಳಿದೀತು. ಚಳಿಜ್ವರದಿಂದ ಮನೆಮನೆಗಳೇ ಬರಿದಾಗಿ, ಅಡಕೆಯ ತೋಟಗಳು ಕಾಡಾದ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳದವರು ಸಾಗರ, ಸಿರಸಿ, ಶೃಂಗೇರಿಯ ಕಡೆ ವಿರಳ. ಅಂಥ ನೆಲದಲ್ಲಿ ಸಾವಿರಾರು ವರ್ಷ ಬಾಳಿದ ಜನರ ರಕ್ತದಲ್ಲಿ ಆ ಹೋರಾಟದ ಗುರುತು ಉಳಿಯದಿದ್ದೀತೇ?

ಊಹೆಗೆ ಪುರಾವೆಯು ಮೊದಲು ದೊರೆತದ್ದು ಮತ್ತೊಂದು ರೋಗದಲ್ಲಿ. ಕುಡುಗೋಲು ಕಣದ ರಕ್ತಹೀನತೆಯಲ್ಲಿ ಕೆಂಪು ಕಣಗಳು ಆಮ್ಲಜನಕ ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಸಾಧ್ಯವಾದ ನೋವನ್ನು ತರುತ್ತವೆ. ದೋಷವಿರುವುದು ಹಿಮೋಗ್ಲೋಬಿನ್ನಿನ ಕಣದಲ್ಲಿಯೇ ಎಂದು ಲೈನಸ್ ಪೌಲಿಂಗನ ತಂಡ 1949ರಲ್ಲಿ ತೋರಿಸಿತು. ಪೂರ್ವ ಆಫ್ರಿಕೆಯಲ್ಲಿ ಆಂಥನಿ ಆಲಿಸನ್ ಎಂಬ ವೈದ್ಯ, ಇದರ ವಾಹಕರಿಗೆ ಮಲೇರಿಯಾ ಅಷ್ಟಾಗಿ ಬಾಧಿಸುವುದಿಲ್ಲವೆಂಬುದನ್ನು 1954ರಲ್ಲಿ ಪ್ರಕಟಿಸಿದನು. ಇದು ಆಫ್ರಿಕೆಯವರ ರೋಗವೆಂಬ ಭಾವನೆಯೂ ಆ ವೇಳೆಗೆ ಅಳಿದಿತ್ತು. 1952ರಲ್ಲಿಯೇ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಕುಡುಗೋಲು ಕಣಗಳನ್ನು ಕಂಡಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಮಹಾರಾಷ್ಟ್ರದ ಅನೇಕ ಆದಿವಾಸಿ ಸಮಾಜಗಳಲ್ಲಿಯೂ ಅದು ಉಂಟು. 2023ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕುಡುಗೋಲು ಕಣ ನಿರ್ಮೂಲನ ಯೋಜನೆಯಲ್ಲಿ ಈ ಎರಡು ರಾಜ್ಯಗಳೂ ಸೇರಿವೆ.

ಇಷ್ಟು ನಿಷ್ಠುರ ಲೆಕ್ಕಿಗರಾದ ಹಾಲ್ಡೇನರು ರಾಜಕೀಯದಲ್ಲಿ ಎಡವಿದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವರು ಕಮ್ಯೂನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಸೋವಿಯತ್ ರಷ್ಯದಲ್ಲಿ ಲೈಸೆಂಕೊ ಎಂಬವನು ಅಧಿಕಾರದ ಬಲದಿಂದ ತಳಿಶಾಸ್ತ್ರವನ್ನೇ ಹೊಸಕಿಹಾಕಿದನು. ವವಿಲೋವನಂಥ ಮಹಾ ವಿಜ್ಞಾನಿ 1943ರಲ್ಲಿ ಸೆರೆಮನೆಯಲ್ಲಿ ಸತ್ತನು. ಸ್ಟಾಕ್‌ಹೋಮಿನ ಸಮ್ಮೇಳನ ಮುಗಿದ ಮರು ತಿಂಗಳೇ ಮಾಸ್ಕೋದಲ್ಲಿ ಮೆಂಡೆಲನ ಶಾಸ್ತ್ರಕ್ಕೆ ಬಹಿಷ್ಕಾರ ಬಿತ್ತು. ಹಾಲ್ಡೇನರು ಆಗಲೂ ಸ್ಪಷ್ಟವಾಗಿ ಖಂಡಿಸದೆ ಹೊಯ್ದಾಡಿದರು. ಮುಂದೆ ಪಕ್ಷವನ್ನು ಬಿಟ್ಟರೂ ಆ ಮೌನವು ಅವರ ಹೆಸರಿಗೆ ಅಂಟಿದ ಕಲೆಯೇ ಸರಿ.

1957ರಲ್ಲಿ, ಅರುವತ್ತೈದಕ್ಕೆ ಸಮೀಪಿಸಿದ ವಯಸ್ಸಿನಲ್ಲಿ, ಲಂಡನ್ನಿನ ಹುದ್ದೆಯನ್ನು ಬಿಟ್ಟು ಪತ್ನಿ ಹೆಲೆನ್ ಸ್ಪರ್ವೇಯೊಡನೆ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಸೂಯೆಜ್ ಕಾಲುವೆಯ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ಪ್ರತಿಭಟಿಸಿ ಹೊರಟೆನೆಂದರು. ಅರುವತ್ತು ವರ್ಷ ಕಾಲುಚೀಲ ತೊಟ್ಟದ್ದು ಸಾಕೆಂದು ತಮಾಷೆಯನ್ನೂ ಮಾಡಿದರು. ಭಾರತೀಯ ಉಡುಪು ತೊಟ್ಟರು, ಸಸ್ಯಾಹಾರಿಗಳಾದರು, ಈ ದೇಶದ ಪೌರತ್ವವನ್ನು ಪಡೆದರು. ಹೊಟ್ಟೆಪಾಡಿಗೆ ಊರು ಬಿಟ್ಟವರು ನಾವು. ತುಂಬಿದ ಸಂಬಳವನ್ನು ಬಿಟ್ಟು ವಲಸೆ ಬಂದ ಈ ಮನುಷ್ಯನನ್ನು ಕಂಡರೆ ಅಚ್ಚರಿಯಾಗದಿರದು.

ದಕ್ಷಿಣ ಭಾರತದ ರಕ್ತಸಂಬಂಧದ ಮದುವೆಗಳು ಅವರ ಗಮನ ಸೆಳೆದವು. ಅವರ ಶಿಷ್ಯ ಕೃಷ್ಣ ದ್ರೋಣಮರಾಜು ಆಂಧ್ರದ ಕರಾವಳಿಯಲ್ಲಿ ಇವುಗಳ ಬಗ್ಗೆ ಅಧ್ಯಯನ ನಡೆಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ಈ ಪದ್ಧತಿಗಳನ್ನು ಅದಾಗಲೇ ವಿವರಿಸಿದ್ದರು. ಅಕ್ಕನ ಮಗಳನ್ನು ತರುವುದು ಕರ್ನಾಟಕದ ಅನೇಕ ಸಮಾಜಗಳಲ್ಲಿ ಸಂಪ್ರದಾಯ. ಆಸ್ತಿ ಉಳಿಯುತ್ತದೆ, ಹುಡುಗಿ ಪರರ ಮನೆಗೆ ಹೋಗಬೇಕಾಗಿಲ್ಲ. ಇದನ್ನು ಹಳಿಯುವುದು ಸುಲಭ, ಲೆಕ್ಕ ಮಾಡುವುದು ಲೇಸು. ತಂದೆಯಿಂದಲೋ ತಾಯಿಯಿಂದಲೋ ಒಂದು ಅಪರೂಪದ ಕೆಟ್ಟ ಜೀನು ಬಂದವನೊಬ್ಬನಿದ್ದಾನೆನ್ನಿ. ಅದೇ ಜೀನು ಅವನ ಅಕ್ಕನಿಗೂ ಬಂದಿರುವ ಸಂಭವ ಎರಡರಲ್ಲಿ ಒಂದು, ಆಕೆಯ ಮಗಳಿಗೆ ನಾಲ್ಕರಲ್ಲಿ ಒಂದು. ಅವನು ಆ ಸೋದರಸೊಸೆಯನ್ನೇ ಮದುವೆಯಾದರೆ ಒಂದೊಂದು ಮಗುವಿಗೂ ರೋಗದ ಸಂಭವ ಹದಿನಾರರಲ್ಲಿ ಒಂದು. ಇನ್ನೂರರಲ್ಲಿ ಒಬ್ಬರು ಮಾತ್ರ ವಾಹಕರಾಗಿರುವ ಜನರಿಂದ ಸಂಬಂಧವಿಲ್ಲದ ಹೆಣ್ಣನ್ನು ತಂದರೆ ಅದು ಎಂಟುನೂರರಲ್ಲಿ ಒಂದು.

ತೀರ ಅಪರೂಪದ ರಕ್ತಹೀನತೆಗಳು ಈ ದಾರಿಯಿಂದಲೇ ಹೆಚ್ಚಾಗಿ ಬರುತ್ತವೆ. ಸ್ವಿಟ್ಜರ್ಲೆಂಡಿನ ಫಾಂಕೋನಿ ಎಂಬ ವೈದ್ಯ 1927ರಲ್ಲಿ ಮೂವರು ಸೋದರರಲ್ಲಿ ಗುರುತಿಸಿದ ರೋಗ ಅಂಥದು. ಅದರಲ್ಲಿ ಮೂಳೆಯೊಳಗಿನ ಮಜ್ಜೆಯೇ ಬತ್ತಿ ರಕ್ತದ ಉತ್ಪತ್ತಿ ನಿಲ್ಲುತ್ತದೆ. ಥಲಸೀಮಿಯಾದಂತೆ ಜ್ವರದ ಸೀಮೆ ಅದಕ್ಕೆ ಬೇಕಾಗಿಲ್ಲ. ಥಲಸೀಮಿಯಾಕ್ಕಾದರೋ ಹತ್ತಿರದ ನೆಂಟಸ್ತಿಕೆಯೂ ಬೇಕಿಲ್ಲ. ವಾಹಕರು ಹೆಚ್ಚಾಗಿರುವ ಜಾತಿಯೊಳಗೇ ಮದುವೆಯಾದರೆ ಸಾಕು.

ಹಾಲ್ಡೇನರ ಕಾಲಕ್ಕೆ ಕಾಣದಿದ್ದ ಜೀನು ಇಂದು ಅಕ್ಷರ ಅಕ್ಷರವಾಗಿ ಕಾಣುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನು ಹನ್ನೊಂದನೆಯ ಕ್ರೋಮೋಸೋಮಿನಲ್ಲಿದೆ. ಸಿಂಧಿ ಕುಟುಂಬಗಳ ಅನೇಕ ವಾಹಕರಲ್ಲಿ ಅದರ 619 ಅಕ್ಷರಗಳ ತುಂಡೊಂದು ಕಳೆದುಹೋಗಿರುತ್ತದೆ. ಆದರೆ ವಾಹಕರನ್ನು ಗುರುತಿಸಲು ಅಷ್ಟು ಆಳಕ್ಕೆ ಇಳಿಯಬೇಕಾದದ್ದಿಲ್ಲ. ಸಾಧಾರಣ ರಕ್ತಪರೀಕ್ಷೆಯಲ್ಲಿ ಕೆಂಪು ಕಣಗಳು ಸಣ್ಣವಾಗಿದ್ದೂ ಅವುಗಳ ಸಂಖ್ಯೆ ಕುಗ್ಗದೆ ಇದ್ದರೆ ಸಂಶಯಪಡಬೇಕು. ಇದನ್ನು ಕಬ್ಬಿಣದ ಕೊರತೆಯೆಂದೇ ತಿಳಿದು ವರ್ಷಗಟ್ಟಲೆ ಟಾನಿಕ್ ಕುಡಿಸುವುದುಂಟು. ವಾಹಕನಿಗೆ ಅದರಿಂದ ಪ್ರಯೋಜನವಿಲ್ಲ. ಎಚ್‌ಪಿಎಲ್‌ಸಿ ಎಂಬ ಯಂತ್ರವು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುತ್ತದೆ. ಅವುಗಳಲ್ಲಿ ಎ2 ಎಂಬ ಬಗೆ ನೂರಕ್ಕೆ 3.5ನ್ನು ಮೀರಿದರೆ ಸಾಮಾನ್ಯವಾಗಿ ಥಲಸೀಮಿಯಾದ ವಾಹಕನೆಂದು ಅರ್ಥ. ಕುಡುಗೋಲು ಕಣದ ಹಿಮೋಗ್ಲೋಬಿನ್ನೂ ಅದರಲ್ಲಿಯೇ ಕಾಣುತ್ತದೆ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎ2 ಕಡಿಮೆ ತೋರಬಹುದಾದ್ದರಿಂದ, ಅದನ್ನು ಸರಿಪಡಿಸಿ ಮರಳಿ ಪರೀಕ್ಷಿಸುತ್ತಾರೆ. ಜಾತಕ ಕೂಡಿಸುವ ಹೊತ್ತಿಗೆ ಈ ಕಾಗದವನ್ನೂ ಕೂಡಿಸಿ ನೋಡುವುದರಲ್ಲಿ ಯಾವ ಅವಮಾನವಿದೆಯೋ ನಮಗೆ ತೋರದು. ಇಬ್ಬರೂ ವಾಹಕರೆಂದು ಮದುವೆಯ ನಂತರ ತಿಳಿದರೂ, ಗರ್ಭದ ಹತ್ತರಿಂದ ಹನ್ನೆರಡನೆಯ ವಾರದೊಳಗೆ ಶಿಶುವಿನ ಸ್ಥಿತಿಯನ್ನು ಅರಿಯುವ ಪರೀಕ್ಷೆಯುಂಟು.

ಕಲ್ಕತ್ತೆಯ ಸಂಸ್ಥೆಯನ್ನು ಹಾಲ್ಡೇನರು 1961ರಲ್ಲಿ ಬಿಟ್ಟರು. ಮರು ವರ್ಷ ಒರಿಸ್ಸಾದ ಮುಖ್ಯಮಂತ್ರಿ ಬಿಜು ಪಟ್ನಾಯಕರ ಬೆಂಬಲದಿಂದ ಭುವನೇಶ್ವರದಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದರು. ಕೆಲಸ ಕುದುರುವಷ್ಟರಲ್ಲಿಯೇ ಕರುಳಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಸ್ಪತ್ರೆಯ ಹಾಸಿಗೆಯಲ್ಲಿಯೇ ತಮ್ಮ ರೋಗದ ಮೇಲೊಂದು ವಿನೋದದ ಪದ್ಯವನ್ನು ಬರೆದರು; ರೋಗದ ಗುರುತು ಕಂಡೊಡನೆ ವೈದ್ಯರಲ್ಲಿಗೆ ಹೋಗಿರೆಂಬುದೇ ಅದರ ತಾತ್ಪರ್ಯ. 1964ನೆಯ ಇಸವಿ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛಾಪತ್ರದಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಒಪ್ಪಿಸಲಾಯಿತು.