ಕಾರ್ಲ್ ಫಾನ್ ಲಿಂಡೆ

ಕಾರ್ಲ್ ಫಾನ್ ಲಿಂಡೆ (ಜೂನ್ 11, 1842 – ನವೆಂಬರ್ 16, 1934) ಜರ್ಮನಿಯ ಇಂಜಿನಿಯರ್, ಪ್ರಾಧ್ಯಾಪಕ ಮತ್ತು ಉದ್ಯಮಿ. ಅಮೋನಿಯಾ ಬಳಸುವ ಶೈತ್ಯಯಂತ್ರವನ್ನು ಕೈಗಾರಿಕೆಗಳ ಬಳಕೆಗೆ ತಂದವರಲ್ಲಿ ಇವರು ಪ್ರಮುಖರು. ಗಾಳಿಯನ್ನು ದ್ರವವಾಗಿಸಿ, ಅದರಿಂದ ಆಮ್ಲಜನಕವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸುವ ವಿಧಾನವನ್ನೂ ರೂಪಿಸಿದರು. ಮಂಜುಗಡ್ಡೆಯ ಯಂತ್ರಗಳಿಗಾಗಿ ಇವರು 1879ರಲ್ಲಿ ಸ್ಥಾಪಿಸಿದ ಕಂಪನಿಯು ಕಾಲಕ್ರಮೇಣ ಜಗತ್ತಿನ ಅತಿ ದೊಡ್ಡ ಕೈಗಾರಿಕಾ ಅನಿಲ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಲಿಂಡೆಯವರು ಬವೇರಿಯಾ ಪ್ರಾಂತ್ಯದ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಲೂಥರನ್ ಚರ್ಚಿನ ಪಾದ್ರಿ. ಬಾಲ್ಯದ ಬಹುಭಾಗ ಕೆಂಪ್ಟನ್ ಪಟ್ಟಣದಲ್ಲಿ ಕಳೆಯಿತು. 1861ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸೇರಿದರು. ಉಷ್ಣಗತಿವಿಜ್ಞಾನಕ್ಕೆ ತಳಹದಿ ಹಾಕಿದ ರುಡಾಲ್ಫ್ ಕ್ಲಾಸಿಯಸ್ ಅಲ್ಲಿ ಇವರ ಗುರುಗಳಾಗಿದ್ದರು. ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಪಾಲ್ಗೊಂಡ ಕಾರಣ 1864ರಲ್ಲಿ ಸಂಸ್ಥೆಯಿಂದ ಹೊರಹಾಕಲ್ಪಟ್ಟು, ಪದವಿಯಿಲ್ಲದೆ ಊರಿಗೆ ಮರಳಬೇಕಾಯಿತು. ಪ್ರಾಧ್ಯಾಪಕ ಫ್ರಾನ್ಸ್ ರೋಲೊ ಅವರ ನೆರವಿನಿಂದ ಹತ್ತಿಗಿರಣಿಯೊಂದರಲ್ಲಿ ತರಬೇತಿಗೆ ಸೇರಿದರು. ಅನಂತರ ಬರ್ಲಿನ್ ಮತ್ತು ಮ್ಯೂನಿಕ್ ನಗರಗಳ ರೈಲು ಇಂಜಿನ್ ಕಾರ್ಖಾನೆಗಳಲ್ಲಿ ದುಡಿದರು.

1868ರಲ್ಲಿ ಮ್ಯೂನಿಕ್‌ನ ಹೊಸ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1872ರಲ್ಲಿ ಪೂರ್ಣಾವಧಿ ಪ್ರಾಧ್ಯಾಪಕರಾದರು. ಡೀಸೆಲ್ ಇಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್ ಇವರ ಶಿಷ್ಯ.

ಶೈತ್ಯಯಂತ್ರ

ಆ ಕಾಲದಲ್ಲಿ ಜರ್ಮನಿಯ ಬಿಯರ್ ತಯಾರಕರು ಚಳಿಗಾಲದಲ್ಲಿ ಕೆರೆ-ಸರೋವರಗಳ ಮಂಜುಗಡ್ಡೆಯನ್ನು ಕಡಿದು, ನೆಲಮಾಳಿಗೆಗಳಲ್ಲಿ ಕೂಡಿಟ್ಟು ಬೇಸಿಗೆಗೆ ಬಳಸುತ್ತಿದ್ದರು. ಚಳಿ ಕಡಿಮೆಯಾದ ವರ್ಷ ಮಂಜುಗಡ್ಡೆಯೂ ದೊರೆಯುತ್ತಿರಲಿಲ್ಲ, ಬಿಯರ್ ಕೆಡುತ್ತಿತ್ತು. 1870–71ರಲ್ಲಿ ಲಿಂಡೆಯವರು ಶೈತ್ಯೀಕರಣವನ್ನು ಕುರಿತು ಬರೆದ ಲೇಖನಗಳು ಈ ಉದ್ಯಮಿಗಳ ಗಮನ ಸೆಳೆದವು. ಅವರ ನೆರವಿನಿಂದ 1873ರಲ್ಲಿ ಮೊದಲ ಯಂತ್ರ ಸಿದ್ಧವಾಯಿತು. ಅದರಲ್ಲಿ ಮೀಥೈಲ್ ಈಥರ್ ಬಳಸಿದ್ದರು. ಮುಂದಿನ ಯಂತ್ರದಲ್ಲಿ ಅಮೋನಿಯಾ ಬಳಸಿ ಯಶಸ್ಸು ಕಂಡರು.

ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ತತ್ವವೇ ಈ ಯಂತ್ರದ ಮೂಲ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಡಿಗೆಯಿಂದ ಹೊರಟ ಆವಿ ಗಾಳಿಯಲ್ಲಿ ಸೇರಿಹೋಗುತ್ತದೆ. ಯಂತ್ರವಾದರೋ ಅಮೋನಿಯಾದ ಆವಿಯನ್ನು ಒತ್ತಿ, ತಂಪುಗೊಳಿಸಿ, ಮತ್ತೆ ದ್ರವವಾಗಿಸಿ ಬಳಸುತ್ತದೆ.

ಕಂಪನಿಯ ಸ್ಥಾಪನೆ

ಬೇಡಿಕೆ ಹೆಚ್ಚಿದಾಗ ಅಧ್ಯಾಪನ ಮತ್ತು ಉದ್ಯಮಗಳ ನಡುವೆ ಒಂದನ್ನು ಆರಿಸಿಕೊಳ್ಳುವುದು ಅನಿವಾರ್ಯವಾಯಿತು. ಲಿಂಡೆಯವರು ಭದ್ರವಾದ ಪ್ರಾಧ್ಯಾಪಕ ಹುದ್ದೆಯನ್ನು ತೊರೆದು, 1879ರ ಜೂನ್ 21ರಂದು ವೀಸ್‌ಬಾಡೆನ್ ನಗರದಲ್ಲಿ ಪಾಲುದಾರರೊಡನೆ ಲಿಂಡೆ ಮಂಜುಗಡ್ಡೆ ಯಂತ್ರಗಳ ಕಂಪನಿಯನ್ನು ಸ್ಥಾಪಿಸಿದರು. ಯಂತ್ರಗಳನ್ನು ತಯಾರಿಸುವ ಕೆಲಸವನ್ನು ಬೇರೆ ಕಾರ್ಖಾನೆಗಳಿಗೆ ವಹಿಸಿ, ವಿನ್ಯಾಸ ಮತ್ತು ಹಕ್ಕುಪತ್ರಗಳನ್ನು ಕಂಪನಿಯು ತನ್ನಲ್ಲಿ ಇರಿಸಿಕೊಂಡಿತು. 1890ರ ವೇಳೆಗೆ 747 ಯಂತ್ರಗಳು ಮಾರಾಟವಾಗಿದ್ದವು.

ಗಾಳಿಯಿಂದ ಆಮ್ಲಜನಕ

ವ್ಯಾಪಾರ ಉತ್ತುಂಗದಲ್ಲಿದ್ದಾಗಲೇ, 1890ರಲ್ಲಿ, ಲಿಂಡೆಯವರು ದೈನಂದಿನ ಆಡಳಿತವನ್ನು ಇತರರಿಗೆ ವಹಿಸಿ ಮ್ಯೂನಿಕ್‌ಗೆ ಮರಳಿ ಸಂಶೋಧನೆಯಲ್ಲಿ ತೊಡಗಿದರು. ಕಂಪನಿಯ ಭವಿಷ್ಯವನ್ನು ಬದಲಿಸಿದ್ದು ಈ ನಿರ್ಧಾರ. ಒತ್ತಡದಲ್ಲಿರುವ ಗಾಳಿಯನ್ನು ಕಿರಿದಾದ ದ್ವಾರದ ಮೂಲಕ ಹಿಗ್ಗಲು ಬಿಟ್ಟರೆ ಅದರ ಉಷ್ಣತೆ ತುಸು ಇಳಿಯುತ್ತದೆ. ಇದಕ್ಕೆ ಜೂಲ್–ಥಾಮ್ಸನ್ ಪರಿಣಾಮವೆಂದು ಹೆಸರು. ಹೀಗೆ ತಣಿದ ಗಾಳಿಯಿಂದ ಒಳಬರುವ ಗಾಳಿಯನ್ನು ತಣಿಸುತ್ತ, ಇದೇ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಿ 1895ರಲ್ಲಿ ಅವರು ಗಾಳಿಯನ್ನು ದ್ರವವಾಗಿಸಿದರು. ಇಂಗ್ಲೆಂಡಿನ ವಿಲಿಯಂ ಹ್ಯಾಂಪ್ಸನ್ ಅದೇ ವರ್ಷ ಇದೇ ವಿಧಾನವನ್ನು ಸ್ವತಂತ್ರವಾಗಿ ರೂಪಿಸಿದ್ದರಿಂದ ಇದನ್ನು ಹ್ಯಾಂಪ್ಸನ್–ಲಿಂಡೆ ಚಕ್ರವೆಂದು ಕರೆಯುತ್ತಾರೆ.

ದ್ರವ ಸಾರಜನಕವು ಸುಮಾರು −196 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಆಮ್ಲಜನಕವು −183 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಈ ಅಂತರವನ್ನು ಬಳಸಿಕೊಂಡು 1902ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದರು. ಮ್ಯೂನಿಕ್ ಸಮೀಪದ ಹೋಲ್‌ರೀಗಲ್ಸ್‌ಕ್ರಾಯ್ಟ್‌ನಲ್ಲಿ ಆಮ್ಲಜನಕ ಘಟಕ ಆರಂಭವಾಯಿತು. ಆಮ್ಲಜನಕವು ಲೋಹಗಳ ಬೆಸುಗೆಗೂ ಕತ್ತರಿಸುವಿಕೆಗೂ, ಸಾರಜನಕವು ರಸಗೊಬ್ಬರ ತಯಾರಿಕೆಗೂ ಬೇಕಾದವು. ಮಂಜುಗಡ್ಡೆಯ ಕಂಪನಿ ಅನಿಲದ ಕಂಪನಿಯಾಗತೊಡಗಿತು.

ವಿಸ್ತರಣೆ ಮತ್ತು ನಷ್ಟ

1907ರಲ್ಲಿ ಅಮೆರಿಕದಲ್ಲಿ ಲಿಂಡೆ ಏರ್ ಪ್ರಾಡಕ್ಟ್ಸ್ ಕಂಪನಿ ಸ್ಥಾಪನೆಯಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಅದು ಯೂನಿಯನ್ ಕಾರ್ಬೈಡ್ ಸಮೂಹದಲ್ಲಿ ಸೇರಿಹೋಯಿತು. ತಮ್ಮದೇ ಹೆಸರಿನ ಸಂಸ್ಥೆಯು ಯುದ್ಧದಿಂದಾಗಿ ಕೈತಪ್ಪಿದ್ದನ್ನು ಲಿಂಡೆಯವರು ತಮ್ಮ ಜೀವಿತಕಾಲದಲ್ಲಿಯೇ ಕಂಡರು. ಅಷ್ಟರಲ್ಲಿ ಕಂಪನಿಯ ಹೊಣೆಯು ಅವರ ಮಕ್ಕಳಾದ ಫ್ರೀಡ್ರಿಷ್ ಮತ್ತು ರಿಚರ್ಡ್ ಅವರಿಗೆ ಬಂದಿತ್ತು. 1934ರಲ್ಲಿ ಲಿಂಡೆಯವರು ತಮ್ಮ 92ನೆಯ ವಯಸ್ಸಿನಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು.

ಗೌರವಗಳು

1897ರಲ್ಲಿ ಇವರಿಗೆ ಕುಲೀನ ಪದವಿ ದೊರೆತು, ಹೆಸರಿನೊಡನೆ ‘ಫಾನ್’ ಸೇರಿತು. ಮ್ಯೂನಿಕ್‌ನ ಡಾಯ್ಚಸ್ ವಸ್ತುಸಂಗ್ರಹಾಲಯದ ಸ್ಥಾಪನೆಯಲ್ಲಿ ಆಸ್ಕರ್ ಫಾನ್ ಮಿಲ್ಲರ್ ಅವರೊಡನೆ ದುಡಿದರು.

ಭಾರತ ಮತ್ತು ಕರ್ನಾಟಕದೊಡನೆ ನಂಟು

1935ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಆಕ್ಸಿಜನ್ ಆ್ಯಂಡ್ ಅಸಿಟಿಲೀನ್ ಕಂಪನಿ ಆರಂಭವಾಯಿತು. ಅದರ ಮಾತೃಸಂಸ್ಥೆಯಾದ ಬ್ರಿಟಿಷ್ ಕಂಪನಿ ಬಿಒಸಿಯನ್ನು ಲಿಂಡೆ ಸಂಸ್ಥೆಯು 2006ರಲ್ಲಿ ಕೊಂಡುಕೊಂಡಿತು. 2013ರಲ್ಲಿ ಭಾರತದ ಶಾಖೆಗೆ ಲಿಂಡೆ ಇಂಡಿಯಾ ಎಂಬ ಹೆಸರು ಬಂದಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೋರೆಕ್ಸ್ ವಿಧಾನದಿಂದ ಕಬ್ಬಿಣ ತೆಗೆಯಲು ಅಪಾರ ಪ್ರಮಾಣದ ಆಮ್ಲಜನಕ ಬೇಕು. ಅದಕ್ಕೆಂದೇ ಕಾರ್ಖಾನೆಯ ನೆರೆಯಲ್ಲಿ ಗಾಳಿಯನ್ನು ಬೇರ್ಪಡಿಸುವ ಘಟಕಗಳಿವೆ. ಮಾಸೂರು, ಹಿರೇಕೆರೂರು ಭಾಗದ ಜನರಿಗೆ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಪರಿಚಿತವಾದ ಆಮ್ಲಜನಕದ ಸಿಲಿಂಡರಿನ ಹಿಂದೆಯೂ ಇದೇ ಶೈತ್ಯತಂತ್ರದ ಪರಂಪರೆಯಿದೆ.

ಇಂದಿನ ಸ್ಥಿತಿ

ಸಂಸ್ಥೆಯು ತಾನು ಹುಟ್ಟಿದ ಶೈತ್ಯಯಂತ್ರಗಳ ವಿಭಾಗವನ್ನೇ 2004ರಲ್ಲಿ ಮಾರಿತು. ಯುದ್ಧಕಾಲದಲ್ಲಿ ದೂರವಾಗಿದ್ದ ಅಮೆರಿಕದ ಶಾಖೆಯು 1992ರಿಂದ ಪ್ರ್ಯಾಕ್ಸ್‌ಏರ್ ಎಂಬ ಹೆಸರಿನಲ್ಲಿ ಸ್ವತಂತ್ರ ಕಂಪನಿಯಾಗಿತ್ತು. 2018ರಲ್ಲಿ ಅದು ಜರ್ಮನಿಯ ಲಿಂಡೆಯೊಡನೆ ವಿಲೀನವಾಯಿತು. ಒಂದು ಶತಮಾನದ ಬಳಿಕ ಎರಡೂ ಸಂಸ್ಥೆಗಳು ಸ್ಥಾಪಕರ ಹೆಸರಿನಡಿಯಲ್ಲಿ ಮತ್ತೆ ಒಂದಾದವು.