ಪಕ್ಷಿತಜ್ಞ ಸಲೀಂ ಅಲಿ

ಮಳೆಗಾಲ ಬಂದಿತೆಂದರೆ ಸೊರಬ ತಾಲ್ಲೂಕಿನ ಗುಡವಿ ಕೆರೆಯ ಮರಗಳು ಗೂಡು ಕಟ್ಟುವ ಹಕ್ಕಿಗಳಿಂದ ತುಂಬಿಹೋಗುತ್ತವೆ. ಉಳವಿಯಂಥ ನೆರೆಯೂರುಗಳಿಂದಲೂ ದೂರದ ನಗರಗಳಿಂದಲೂ ಬಂದವರು ದುರ್ಬೀನು ಹಿಡಿದು ಅವನ್ನು ನೋಡುತ್ತಾ ಮೈಮರೆಯುತ್ತಾರೆ. ಈ ಹವ್ಯಾಸವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಡಾ. ಸಲೀಂ ಅಲಿಯವರು ಅಗ್ರಗಣ್ಯರು.

ಅವರ ಆಸಕ್ತಿ ಮೊಳೆತದ್ದು ಬೇಟೆಯಿಂದ ಎಂಬುದು ಸೋಜಿಗದ ಸಂಗತಿ. 1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಒಮ್ಮೆ ಬಾಲಕನು ಆಟದ ಬಂದೂಕಿನಿಂದ ಕೆಡವಿದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯೊಂದು ಕಂಡಿತು. ಅದಾವ ಹಕ್ಕಿಯೆಂದು ತಿಳಿಯಲು ಅಳುಕುತ್ತಲೇ ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಗೆ ಹೋದನು. ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಸಂಸ್ಥೆಯ ಪಕ್ಷಿಸಂಗ್ರಹವನ್ನೇ ತೆರೆದು ತೋರಿಸಿದರು. ಹುಡುಗನೊಬ್ಬನಿಗಾಗಿ ಅಷ್ಟು ಬಿಡುವು ಮಾಡಿಕೊಳ್ಳುವ ಹಿರಿಯರು ಎಷ್ಟು ಮಂದಿಯಿದ್ದಾರು! ಬಾಲಕನ ಬಾಳಿನ ದಾರಿ ಅಂದೇ ತಿರುಗಿತು.

1939ರಲ್ಲಿ ಪತ್ನಿ ತೆಹಮಿನಾ ತೀರಿಕೊಂಡರು. ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದ ಸಂಗಾತಿಯ ಅಗಲಿಕೆಯಿಂದ ಸಲೀಂ ಅಲಿಯವರು ಕುಗ್ಗಿಹೋದರು. ಆದರೂ ಕೈಕಟ್ಟಿ ಕೂರದೆ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯಲ್ಲಿ ತೊಡಗಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಮರಿಮಾಡುವುದನ್ನು ಕಂಡು, ಆ ತಾಣವನ್ನು ರಕ್ಷಿಸಬೇಕೆಂದು ಅರಸರಲ್ಲಿ ಕೋರಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಮರುವರ್ಷ ಭಾರತದ ಪಕ್ಷಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಪ್ರಕಟವಾಯಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಲಭಿಸಿತು. ಇಳಿವಯಸ್ಸಿನಲ್ಲಿಯೂ ದುರ್ಬೀನು ಹಿಡಿದು ಅಲೆದ ಅವರು 1987ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದರು.